ನೋವು ಇಳಿಯಿತು, ಕೀಲು ಉಳಿಯಿತಾ? ರುಮಟಾಯ್ಡ್ ಸಂಧಿವಾತವನ್ನು ಅರ್ಥ ಮಾಡಿಕೊಳ್ಳೋಣ

ರೊಟ್ಟಿ ಬಡಿಯುವ ಕೈಗೆ ಈ ಕಾಯಿಲೆ ಬಂದರೆ ಮೊದಲು ಗೊತ್ತಾಗುವುದು ಒಲೆಯ ಮುಂದೆಯೇ. ಹಿಟ್ಟು ನಾದಲು ಬೆರಳು ಮಡಚುವುದಿಲ್ಲ. ಅಂಗೈ ಅಗಲಿಸಿ ಬಡಿಯೋಣ ಅಂದರೆ ಮಣಿಕಟ್ಟು ಮಾತು ಕೇಳುವುದಿಲ್ಲ. ಸಲೀಸಾಗಿ ಏರುತ್ತಿದ್ದ ಬಳೆ ಗೆಣ್ಣಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. “ಮುಂಜಾನೆ ಎದ್ದ ಕೂಡ್ಲೆ ಬೆರಳ ಮಡಚಾಕ ಬರಂಗಿಲ್ರಿ, ಹತ್ತು ಹೊಡದ ಮ್ಯಾಲ ಸಡ್ಲ ಆಗ್ತಾವ” ಅಂತ ಹೇಳಿಕೊಂಡರೆ ಮನೆಯಲ್ಲಿ ಸಿಗುವ ಉತ್ತರ ಗೊತ್ತೇ ಇದೆ: ವಾಯು, ಥಂಡಿ, ವಯಸ್ಸು. ಆದರೆ ಕೀಲಿನ ಕಾಯಿಲೆ ಬಲ್ಲ ಡಾಕ್ಟರಿಗೆ ಆ ಮಾತಿನ ಕೊನೆಯ ಅರ್ಧವೇ ದೊಡ್ಡ ಸುಳಿವು.

ಯಾಕೆಂದರೆ ಮಂಡಿ ಸವೆತದ ನೋವು ಇದಕ್ಕೆ ಉಲ್ಟಾ. ಅದು ಕೆಲಸ ಮಾಡಿದಷ್ಟೂ ಜಾಸ್ತಿ, ಕೂತರೆ ಕಡಿಮೆ. ಬೆಳಿಗ್ಗೆ ಬಿಗಿತ ಇದ್ದರೂ ಐದು ಹತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ರುಮಟಾಯ್ಡ್ ಸಂಧಿವಾತದಲ್ಲಿ ರಾತ್ರಿಯೆಲ್ಲ ವಿಶ್ರಾಂತಿ ಪಡೆದ ಕೈಯೇ ಬಿಗಿದುಕೊಂಡಿರುತ್ತದೆ. ಓಡಾಡಿ ಕೆಲಸ ಮಾಡಿದ ಮೇಲೆ ಸಡಿಲವಾಗುತ್ತದೆ. ಬಿಗಿತ ಒಂದು ಗಂಟೆ, ಕೆಲವರಿಗೆ ಅದಕ್ಕಿಂತಲೂ ಹೆಚ್ಚು ಇರುತ್ತದೆ. ಸಾಮಾನ್ಯವಾಗಿ ಎರಡೂ ಕೈಗೆ ಬರುತ್ತದೆ. ಮಣಿಕಟ್ಟು, ಬೆರಳ ಬುಡದ ಗೆಣ್ಣು, ನಡುವಿನ ಗೆಣ್ಣು, ಅಂಗಾಲಿನ ಮುಂಭಾಗ ಇದರ ಮೆಚ್ಚಿನ ಜಾಗಗಳು. ಉಗುರಿನ ಪಕ್ಕದ ತುದಿ ಗೆಣ್ಣನ್ನು ಮಾತ್ರ ಹೆಚ್ಚಾಗಿ ಬಿಟ್ಟುಬಿಡುತ್ತದೆ. ಯಾರಾದರೂ ಕೈಕುಲುಕಿ ಗೆಣ್ಣುಗಳನ್ನು ಅಡ್ಡಕ್ಕೆ ಒತ್ತಿದರೆ ಜೀವ ಹೋದಂತಾಗುತ್ತದೆ. ಡಾಕ್ಟರುಗಳು ಇದನ್ನೇ ಬೇಕೆಂದು ಮಾಡಿ ನೋಡುತ್ತಾರೆ.

ವಯಸ್ಸಿನ ಮಾತು ಸುಮ್ನೆ ದಾರಿ ತಪ್ಪಿಸುತ್ತದೆ. ಈ ಕಾಯಿಲೆ ಹೆಚ್ಚಾಗಿ ಶುರುವಾಗುವುದು 30ರಿಂದ 60ರ ನಡುವೆ. ಮನೆ, ಹೊಲ, ದುಡಿಮೆ ಎಲ್ಲ ತಲೆಯ ಮೇಲಿರುವ ವಯಸ್ಸು ಅದು. ಹೆಂಗಸರಿಗೆ ಗಂಡಸರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು, ಧಾರವಾಡದಲ್ಲಿ ಕಸೂತಿ ಹಾಕುವವರು, ಬೆಟಗೇರಿಯಲ್ಲಿ ಮಗ್ಗದ ಕೆಲಸ ಮಾಡುವವರು, ಎಲ್ಲರ ಸಂಬಳವೂ ಬೆರಳ ತುದಿಯಲ್ಲೇ ಇದೆ. ಆ ಕೆಲಸದಿಂದ ಕಾಯಿಲೆ ಬಂತು ಅಂತ ಅರ್ಥ ಅಲ್ಲ. ಕಾಯಿಲೆ ಬಂದಾಗ ಮೊದಲು ನಿಲ್ಲುವುದು ಆ ಕೆಲಸ, ಅಷ್ಟೇ.

ಕೀಲಿನ ಒಳಗೆ

ಎರಡು ಎಲುಬು ಸೇರುವ ಜಾಗದಲ್ಲಿ ಎಲುಬಿನ ತುದಿಗೆ ನುಣುಪಾದ ಕಾರ್ಟಿಲೇಜ್ ಹೊದಿಕೆ ಇರುತ್ತದೆ. ಕೀಲಿನ ಗೂಡಿನ ಒಳಗೋಡೆಗೆ ಒಂದು ತೆಳುವಾದ ಪೊರೆ ಇದೆ. ಕೆಲವೇ ಜೀವಕೋಶಗಳಷ್ಟು ದಪ್ಪದ ಪೊರೆ. ಕೀಲು ಸರಾಗವಾಗಿ ಆಡಲು ಬೇಕಾದ ದ್ರವವನ್ನು ಅದು ಒಸರುತ್ತದೆ. ರುಮಟಾಯ್ಡ್ ಸಂಧಿವಾತದ ಜಗಳ ನಡೆಯುವುದು ಈ ಪೊರೆಯಲ್ಲಿ.

ನಮ್ಮ ರೋಗನಿರೋಧಕ ವ್ಯವಸ್ಥೆಯ ಕೆಲಸ ಹೊರಗಿನ ರೋಗಾಣುವನ್ನು ಹೊಡೆಯುವುದು. ಇಲ್ಲಿ ಅದು ನಮ್ಮದೇ ಪ್ರೋಟೀನುಗಳನ್ನು ಪರಕೀಯ ಅಂದುಕೊಳ್ಳುತ್ತದೆ. ರಕ್ತದಿಂದ ಬಿಳಿ ಕಣಗಳು ಬಂದು ಪೊರೆಯಲ್ಲಿ ಬೀಡುಬಿಡುತ್ತವೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕಗಳನ್ನು ಸುರಿಸಿ ಇನ್ನಷ್ಟು ಕಣಗಳನ್ನು ಕರೆಸುತ್ತವೆ. ಪೊರೆ ದಪ್ಪವಾಗುತ್ತದೆ, ಕೀಲಿನಲ್ಲಿ ನೀರು ತುಂಬುತ್ತದೆ, ಬಾವು ಬರುತ್ತದೆ. ಇಷ್ಟಕ್ಕೇ ನಿಂತಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು. ಆದರೆ ದಪ್ಪಗಾದ ಪೊರೆ ಎರೆಹೊಲಕ್ಕೆ ಕರಿಕೆ ನುಗ್ಗಿದ ಹಾಗೆ ಅಂಚಿನಿಂದ ಕಾರ್ಟಿಲೇಜ್ ಮೇಲೆ ಹಬ್ಬುತ್ತದೆ. ಅದನ್ನು ಕರಗಿಸುತ್ತದೆ. ಕೆಳಗಿನ ಎಲುಬನ್ನೂ ಕೊರೆಯುತ್ತದೆ. ಎಕ್ಸ್‌ರೇಯಲ್ಲಿ ಇಲಿ ಕಡಿದಂತೆ ಸಣ್ಣ ಸಣ್ಣ ಕಚ್ಚುಗಳು ಕಾಣುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ಅನೇಕರಲ್ಲಿ ಮೊದಲ ಎರಡು ವರ್ಷದೊಳಗೇ ಇವು ಶುರುವಾಗಿರುತ್ತವೆ.

ಇಡೀ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದೇ. ನೋವು ಬೇರೆ, ಹಾನಿ ಬೇರೆ. ಬಾವು ಮತ್ತೆ ಇಳಿಯಬಹುದು. ಕೊರೆದುಹೋದ ಎಲುಬು ಮೊದಲಿನಂತೆ ಆಗುವುದಿಲ್ಲ. ನೋವನ್ನು ಒಂದು ಗುಳಿಗೆಯಲ್ಲಿ ಅಡಗಿಸಿ ಒಳಗೆ ಕೊರೆತ ನಡೆಯಲು ಬಿಡುವುದು ತುಂಬಾ ಸುಲಭ. ನಮ್ಮ ಕಡೆ ಬೆರಳು ಸೊಟ್ಟಗಾದ ಎಷ್ಟೋ ಜನ ಚಿಕಿತ್ಸೆಯೇ ಪಡೆಯದವರಲ್ಲ. ವರ್ಷಗಟ್ಟಲೆ ನೋವಿನ ಗುಳಿಗೆ ನುಂಗಿದವರು.

ಇದು ಬರೀ ಕೀಲಿನ ಕಾಯಿಲೆಯೂ ಅಲ್ಲ. ಸುಸ್ತು, ರಕ್ತಹೀನತೆ, ಕಣ್ಣು ಒಣಗುವುದು ಸಾಮಾನ್ಯ. ಕೆಲವರಿಗೆ ಶ್ವಾಸಕೋಶಕ್ಕೂ ತಾಗುತ್ತದೆ. ಹೃದಯಾಘಾತದ ಅಪಾಯವೂ ಉಳಿದವರಿಗಿಂತ ಹೆಚ್ಚು. ಹಾಗಾಗಿ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸುವುದು ಇದೇ ಚಿಕಿತ್ಸೆಯ ಭಾಗ.

ಯಾಕೆ ಬರುತ್ತದೆ?

ಒಂದೇ ಕಾರಣ ಅಂತ ಇಲ್ಲ. ವಂಶದ ಪಾಲು ಇದೆ. ಎಚ್‌ಎಲ್‌ಎ ಎಂಬ ಗುಂಪಿನ ಕೆಲವು ಜೀನ್‌ಗಳು ಇದ್ದವರಿಗೆ ಅಪಾಯ ಜಾಸ್ತಿ. ಆದರೆ ಜೀನ್ ಇದ್ದ ಮಾತ್ರಕ್ಕೆ ಬಂದೇ ಬರುತ್ತದೆ ಅಂತಿಲ್ಲ. ಜೀನ್‌ಗಳೆಲ್ಲ ಒಂದೇ ಇರುವ ಅವಳಿಗಳನ್ನು ನೋಡಿ. ಒಬ್ಬರಿಗೆ ಈ ಕಾಯಿಲೆ ಇದ್ದಾಗ ಇನ್ನೊಬ್ಬರಿಗೆ ಬರುವುದು ನೂರರಲ್ಲಿ ಸುಮಾರು 15 ಜೋಡಿಗಳಲ್ಲಿ ಮಾತ್ರ. “ನಮ್ಮವ್ವಗ ಇತ್ತು, ನನಗೂ ಬರೋದ ಖರೆ” ಅಂತ ಹೆದರಿ ಕೂರಬೇಕಿಲ್ಲ.

ಹೊರಗಿನ ಕಾರಣಗಳಲ್ಲಿ ಗಟ್ಟಿ ಪುರಾವೆ ಇರುವುದು ಧೂಮಪಾನಕ್ಕೆ. ಬೀಡಿ ಸಿಗರೇಟಿನ ಹೊಗೆ ಶ್ವಾಸಕೋಶದ ಪ್ರೋಟೀನುಗಳ ರೂಪ ಬದಲಿಸುತ್ತದೆ. ರೂಪ ಬದಲಾದ ಆ ಪ್ರೋಟೀನನ್ನು ದೇಹ ಗುರುತು ಹಿಡಿಯದೆ ಅದರ ವಿರುದ್ಧ ಪ್ರತಿಕಾಯ (ಆ್ಯಂಟಿಬಾಡಿ) ತಯಾರಿಸುತ್ತದೆ. ಒಸಡಿನ ದೀರ್ಘಕಾಲದ ಸೋಂಕಿನಲ್ಲೂ ಇಂಥದೇ ಬದಲಾವಣೆ ಆಗುತ್ತದೆ ಅನ್ನುವುದಕ್ಕೆ ಸಾಕಷ್ಟು ಆಧಾರ ಇದೆ. ಕಲ್ಲು ಕ್ವಾರಿಯ ಸಿಲಿಕಾ ಧೂಳು ಇನ್ನೊಂದು ಕಾರಣ. ಕುತೂಹಲದ ಸಂಗತಿ ಏನೆಂದರೆ, ಈ ಪ್ರತಿಕಾಯಗಳು ಕೀಲು ನೋಯುವುದಕ್ಕೆ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಇರಬಹುದು. ಅಂದರೆ ಕಾಯಿಲೆ ಕೀಲಿನಲ್ಲಿ ಹುಟ್ಟದೆ ಬಾಯಿಯಲ್ಲೋ ಎದೆಯಲ್ಲೋ ಹುಟ್ಟಿ ಕೀಲಿಗೆ ಬಂದು ಸೇರಿರುವ ಸಾಧ್ಯತೆ ಇದೆ.

ಬಾಣಂತನದ ಮಾತು ಇಲ್ಲಿ ಹೇಳಲೇಬೇಕು. “ಬಾಣಂತನದಾಗ ಥಂಡಿ ಬಡೀತು, ಅದಕ್ಕ ಸಂದು ಹಿಡದಾವ” ಅನ್ನುವುದನ್ನು ನಮ್ಮ ಕಡೆ ಕೇಳದವರಿಲ್ಲ. ಗಮನಿಸಿದ್ದು ಸರಿಯೇ ಇದೆ, ಹೊರಿಸಿದ ತಪ್ಪು ಮಾತ್ರ ಬೇರೆಯವರ ಮೇಲೆ. ಬಸುರಿನಲ್ಲಿ ಅನೇಕ ಹೆಂಗಸರಿಗೆ ಈ ಕಾಯಿಲೆ ತಣ್ಣಗಾಗುತ್ತದೆ. ಹೆರಿಗೆಯಾದ ಕೆಲವು ತಿಂಗಳಲ್ಲಿ ಮತ್ತೆ ಕೆರಳುತ್ತದೆ, ಕೆಲವರಿಗೆ ಆಗಲೇ ಮೊದಲ ಸಲ ಶುರುವಾಗುತ್ತದೆ. ಬಸುರಿನ ಕಾಲಕ್ಕೆ ಬದಲಾದ ರೋಗನಿರೋಧಕ ವ್ಯವಸ್ಥೆ ಹಳೆಯ ಸ್ಥಿತಿಗೆ ಮರಳುವುದು ಇದಕ್ಕೆ ಕಾರಣ. ತಣ್ಣೀರಿಗೆ ಕೈ ಹಾಕಿದ್ದು ಅಲ್ಲ. ಹೀಗಾಗಿ ಬಾಣಂತಿಗೆ ಗೆಣ್ಣು ಬಾತರೆ ಕಿವಿಗೆ ಹತ್ತಿ ಇಟ್ಟು ಕಾಯುತ್ತಾ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಬದನೆಕಾಯಿ, ಆಲೂಗಡ್ಡೆ, ಮೊಸರು, ಹುಣಸೆಹಣ್ಣು? ಇವುಗಳಿಂದ ಈ ಕಾಯಿಲೆ ಬರುತ್ತದೆ ಅನ್ನಲು ಆಧಾರವಿಲ್ಲ. ಎಣ್ಣೆಗಾಯಿ ಬಿಟ್ಟು ಬದುಕುವುದು ಈ ಭಾಗದಲ್ಲಿ ಸಣ್ಣ ಶಿಕ್ಷೆಯೇನೂ ಅಲ್ಲ, ಆ ಶಿಕ್ಷೆ ಬೇಕಾಗಿಲ್ಲ. ಮಳೆಗಾಲ, ಚಳಿಗಾಲದಲ್ಲಿ ನೋವು ಜಾಸ್ತಿ ಅನ್ನಿಸುವುದು ನಿಜ. ನೋವು ಹೆಚ್ಚಿಸುವುದು ಬೇರೆ, ಕಾಯಿಲೆ ತರುವುದು ಬೇರೆ.

ಎಲ್ಲ ಕೀಲುನೋವೂ ಇದೇ ಅಲ್ಲ

ಯೂರಿಕ್ ಆ್ಯಸಿಡ್ ಹರಳುಗಟ್ಟಿ ಬರುವ ಗೌಟ್ ಹೆಚ್ಚಾಗಿ ಕಾಲಿನ ಹೆಬ್ಬೆರಳಿಗೆ ರಾತ್ರೋರಾತ್ರಿ ಬರುತ್ತದೆ. ಇಪ್ಪತ್ತು, ಮೂವತ್ತರ ಹುಡುಗರಿಗೆ ಬೆಳಗಿನ ಜಾವ ಸೊಂಟ ಹಿಡಿದು, ನಡೆದಾಡಿದರೆ ಕಡಿಮೆಯಾದರೆ ಅದು ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಚಿಕೂನ್‌ಗುನ್ಯಾ ಇನ್ನೊಂದು ತಲೆನೋವು. 2006ರಲ್ಲಿ ಕರ್ನಾಟಕದಲ್ಲಿ ಅದು ಹಬ್ಬಿದಾಗ ಜ್ವರ ಹೋದ ಮೇಲೂ ತಿಂಗಳುಗಟ್ಟಲೆ ಕೀಲು ಹಿಡಿದುಕೊಂಡವರು ಬಹಳ. ನೋಡಲು ಥೇಟ್ ರುಮಟಾಯ್ಡ್. ಹೆಚ್ಚಿನವರಿಗೆ ನಿಧಾನಕ್ಕೆ ತಾನಾಗಿ ಇಳಿಯುತ್ತದೆ. ಹಾಗಾಗಿ ಹಿಂದೆ ಯಾವಾಗ ಜ್ವರ ಬಂದಿತ್ತು ಅನ್ನುವುದನ್ನು ಡಾಕ್ಟರಿಗೆ ಹೇಳಬೇಕು.

ಗದಗ ಜಿಲ್ಲೆಯವರು ತಿಳಿದಿರಬೇಕಾದ ಇನ್ನೊಂದು ಕಾಯಿಲೆ ಫ್ಲೋರೋಸಿಸ್. ಮುಂಡರಗಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಹಳೆಯ ಕಥೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಂದು ಕಲೆ ಬರುತ್ತದೆ, ಬೆನ್ನು, ಕುತ್ತಿಗೆ, ಮಂಡಿ ಬಿಗಿಯುತ್ತವೆ. ಹೊರಗಿನಿಂದ ಎರಡೂ ಕಾಯಿಲೆಗೆ ಒಂದೇ ದೂರು: “ಮೈ ಬಗ್ಗಂಗಿಲ್ಲ.” ಎಕ್ಸ್‌ರೇ ಮಾತ್ರ ಬೇರೆ ಹೇಳುತ್ತದೆ. ಫ್ಲೋರೋಸಿಸ್‌ನಲ್ಲಿ ಎಲುಬು ಮಾಮೂಲಿಗಿಂತ ದಟ್ಟವಾಗಿ, ಬೆಳ್ಳಗೆ ಕಾಣುತ್ತದೆ. ರುಮಟಾಯ್ಡ್‌ನಲ್ಲಿ ಕೀಲಿನ ಸುತ್ತಲ ಎಲುಬು ತೆಳುವಾಗಿರುತ್ತದೆ. ಒಂದಕ್ಕೆ ನೀರು ಬದಲಿಸಬೇಕು, ಇನ್ನೊಂದಕ್ಕೆ ಔಷಧ ಬೇಕು. ಎರಡನ್ನೂ “ವಾಯು” ಅಂತ ಒಂದೇ ಗೋಣಿಗೆ ತುಂಬಿದರೆ ಇಬ್ಬರಿಗೂ ನಷ್ಟ.

ರಕ್ತ ಪರೀಕ್ಷೆಯ ಗೊಂದಲ

ಲ್ಯಾಬ್‌ಗಳಲ್ಲಿ “ಆರ್ಥ್ರೈಟಿಸ್ ಪ್ರೊಫೈಲ್” ಅಂತ ಒಂದು ಕಟ್ಟು ಸಿಗುತ್ತದೆ. ಆರ್‌ಎ ಫ್ಯಾಕ್ಟರ್ (ರುಮಟಾಯ್ಡ್ ಫ್ಯಾಕ್ಟರ್), ಯೂರಿಕ್ ಆ್ಯಸಿಡ್, ಎಎಸ್‌ಒ, ಇಎಸ್‌ಆರ್ ಎಲ್ಲ ಒಟ್ಟಿಗೆ. ನನ್ನ ಕೇಳಿದರೆ ಡಾಕ್ಟರ್ ಹೇಳದೆ ಇದನ್ನು ಮಾಡಿಸುವುದು ದುಡ್ಡು ಕೊಟ್ಟು ಗೊಂದಲ ತಂದಂತೆ. ಎಎಸ್‌ಒ ಮುಖ್ಯವಾಗಿ ಮಕ್ಕಳ ಗಂಟಲು ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರಕ್ಕೆ ಸಂಬಂಧಿಸಿದ್ದು, ಈ ಕಾಯಿಲೆಗಲ್ಲ. ಆರ್‌ಎ ಫ್ಯಾಕ್ಟರ್ ಆರೋಗ್ಯವಂತ ಮುದುಕರಲ್ಲೂ, ಟಿಬಿ ಇದ್ದವರಲ್ಲೂ ಪಾಸಿಟಿವ್ ಬರಬಹುದು. ಇನ್ನೊಂದು ಕಡೆ, ನಿಜವಾಗಿ ಕಾಯಿಲೆ ಇದ್ದವರಲ್ಲೂ ನೂರಕ್ಕೆ 20-30 ಜನರಲ್ಲಿ ನೆಗೆಟಿವ್ ಇರುತ್ತದೆ. ಆ್ಯಂಟಿ ಸಿಸಿಪಿ ಪರೀಕ್ಷೆ, ಅಂದರೆ ರೂಪ ಬದಲಾದ ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನು ಹುಡುಕುವ ಪರೀಕ್ಷೆ, ಹೆಚ್ಚು ನಂಬಿಕೆಯದ್ದು. ಅದು ಪಾಸಿಟಿವ್ ಬಂದು ಕೀಲೂ ಬಾತಿದ್ದರೆ ಅನುಮಾನಕ್ಕೆ ಜಾಗ ಕಡಿಮೆ. ಇಎಸ್‌ಆರ್, ಸಿಆರ್‌ಪಿ ಎರಡೂ ಉರಿಯೂತ ಎಷ್ಟಿದೆ ಅಂತ ಹೇಳುತ್ತವೆ, ಯಾವುದರಿಂದ ಅಂತ ಹೇಳುವುದಿಲ್ಲ.

ಕೊನೆಗೂ ಕಾಯಿಲೆ ಪತ್ತೆಯಾಗುವುದು ಡಾಕ್ಟರ್ ಬೆರಳು ಒತ್ತಿ ನೋಡುವುದರಿಂದ. ಇಲ್ಲೊಂದು ತೊಡಕು ಇದೆ. ಬೆಳಿಗ್ಗೆ ಬಾತಿದ್ದ ಕೈ, ಬಸ್ ಹಿಡಿದು ಚೀಟಿ ಮಾಡಿಸಿ ಸರದಿ ಬರುವಷ್ಟರಲ್ಲಿ ಅರ್ಧ ಇಳಿದಿರುತ್ತದೆ. ಎದ್ದ ಕೂಡಲೇ ಮೊಬೈಲ್‌ನಲ್ಲಿ ಎರಡೂ ಕೈಯ ಫೋಟೊ ತೆಗೆದಿಟ್ಟುಕೊಳ್ಳಿ, ಮುಷ್ಟಿ ಕಟ್ಟಲು ಯತ್ನಿಸುವಾಗ ಒಂದು, ಬಿಚ್ಚಿದಾಗ ಒಂದು. ಬಿಗಿತ ಎಷ್ಟು ಹೊತ್ತು ಇತ್ತು ಅಂತ ಬರೆದಿಡಿ.

ನೋವಿಗೆ ಬೇರೆ ಔಷಧ, ಕಾಯಿಲೆಗೆ ಬೇರೆ

ಡೈಕ್ಲೋಫಿನಾಕ್‌ನಂಥ ನೋವಿನ ಗುಳಿಗೆ ಗಂಟೆಯೊಳಗೆ ಆರಾಮ ಕೊಡುತ್ತದೆ. ಎಲುಬಿನ ಕೊರೆತ ನಿಲ್ಲಿಸುವುದಿಲ್ಲ. ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು.

ಸ್ಟೆರಾಯ್ಡ್ ಇನ್ನೂ ಜೋರು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ಡಾಕ್ಟರ್, ಹಾಸಿಗೆಯಿಂದ ಏಳಲೂ ಕಷ್ಟಪಡುತ್ತಿದ್ದ ಹೆಂಗಸೊಬ್ಬಳಿಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಅಷ್ಟರಲ್ಲೇ ಅಡ್ಡಪರಿಣಾಮಗಳೂ ಕಾಣಿಸಿಕೊಳ್ಳತೊಡಗಿದ್ದವು: ಮುಖ ಊದುವುದು, ಶುಗರ್ ಏರುವುದು, ಎಲುಬು ಟೊಳ್ಳಾಗುವುದು, ಕಣ್ಣಿಗೆ ಪೊರೆ. ಹಾಗಾಗಿ ಇಂದು ಸ್ಟೆರಾಯ್ಡನ್ನು ಕಡಿಮೆ ಡೋಸ್‌ನಲ್ಲಿ, ಸ್ವಲ್ಪ ಕಾಲಕ್ಕೆ, ಅಸಲಿ ಔಷಧ ಕೆಲಸ ಶುರು ಮಾಡುವವರೆಗೆ ಮಾತ್ರ ಕೊಡುವುದು ಪದ್ಧತಿ.

ಆದರೆ ಇದೇ ಸ್ಟೆರಾಯ್ಡ್ ಹೆಸರಿಲ್ಲದ ಪುಡಿಗಳಲ್ಲೂ ಬರುತ್ತದೆ. ಸಂತೆಯಲ್ಲೋ ಯಾರದೋ ಮನೆಯಲ್ಲೋ ಕೊಡುವ “ಗಿಡಮೂಲಿಕೆ” ಪೊಟ್ಟಣ ಮೂರೇ ದಿನದಲ್ಲಿ ನೋವೆಲ್ಲ ತೆಗೆದರೆ ಖುಷಿಪಡುವ ಮೊದಲು ಅನುಮಾನಪಡಿ. ತಿಂಗಳುಗಟ್ಟಲೆ ತಿಂದು ಮುಖ ದುಂಡಗಾಗಿದ್ದರೆ ಅನುಮಾನ ಇನ್ನೂ ಗಟ್ಟಿ. ಹಾಗಂತ ಒಮ್ಮೆಗೇ ನಿಲ್ಲಿಸಲೂ ಬಾರದು. ದೇಹ ತನ್ನದೇ ಸ್ಟೆರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಬಿಪಿ ಕುಸಿದು ಜೀವಕ್ಕೇ ಬರಬಹುದು. ಪೊಟ್ಟಣ ಸಮೇತ ದವಾಖಾನೆಗೆ ಹೋಗಿ. ಡಾಕ್ಟರ್ ಬೈಯಬಹುದು, ಬೈಸಿಕೊಳ್ಳಿ.

ಆಯುರ್ವೇದದಲ್ಲಿ ಇದಕ್ಕೆ ಹತ್ತಿರದ ಕಾಯಿಲೆಯ ವಿವರ ಇದೆ. ಮಾಧವ ನಿದಾನದಲ್ಲಿ ಆಮವಾತ ಅಂತ ಬೇರೆಯೇ ಅಧ್ಯಾಯ ಸಿಗುತ್ತದೆ. ಓದಿ ಬಂದ ವೈದ್ಯರ ಹತ್ತಿರ ಹೋಗುವವರಿಗೆ ನನ್ನದು ಒಂದೇ ಮಾತು: ಇಬ್ಬರು ಡಾಕ್ಟರಿಗೂ ಇನ್ನೊಬ್ಬರು ಏನು ಕೊಟ್ಟಿದ್ದಾರೆ ಅಂತ ತಿಳಿದಿರಲಿ. ಲಿವರ್‌ಗೆ ಎರಡೂ ಕಡೆಯಿಂದ ಹೊರೆ ಬೀಳುವುದು ಬೇಡ.

ಇನ್ನು ಅಸಲಿ ಔಷಧ. ಅದರಲ್ಲಿ ಮೊದಲ ಹೆಸರು ಮೆಥೊಟ್ರೆಕ್ಸೇಟ್. ಇದರ ಹಿಂದೆ ನಮ್ಮ ಪಕ್ಕದ ರಾಜ್ಯದ ನಂಟೂ ಇದೆ. 1895ರಲ್ಲಿ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುಂದಾಳಾಗಿದ್ದಾಗ ಅವರ ತಂಡ 1940ರ ದಶಕದಲ್ಲಿ ಈ ಗುಂಪಿನ ಔಷಧಗಳನ್ನು ತಯಾರಿಸಿತು. ಮೊದಲು ಬಳಸಿದ್ದು ಮಕ್ಕಳ ರಕ್ತ ಕ್ಯಾನ್ಸರ್‌ಗೆ. ಅತಿ ಕಡಿಮೆ ಡೋಸ್‌ನಲ್ಲಿ ಇದು ಕೀಲಿನ ಉರಿಯೂತ ಇಳಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. 1988ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಅಧಿಕೃತ ಒಪ್ಪಿಗೆ ಸಿಕ್ಕಿತು. ಈಗ ಯಾರಾದರೂ ಗುಳಿಗೆಯ ಹೆಸರನ್ನು ಗೂಗಲ್ ಮಾಡಿ “ಅಯ್ಯ, ಕ್ಯಾನ್ಸರ್ ಔಷಧ ಕೊಟ್ಟಾರ” ಅಂತ ಗಾಬರಿಯಾಗಿ ಬಿಟ್ಟುಬಿಡುತ್ತಾರೆ. ಇಲ್ಲಿನ ಡೋಸ್ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಕ್ಯಾನ್ಸರ್‌ಗೆ ಕೊಡುವುದು ಅದರ ಎಷ್ಟೋ ಪಟ್ಟು.

ವಾರಕ್ಕೆ ಅಂದೆ, ಗಮನಿಸಿ. ಮೆಥೊಟ್ರೆಕ್ಸೇಟ್ ವಾರಕ್ಕೊಂದೇ ದಿನ. ಉಳಿದ ಗುಳಿಗೆಯ ಹಾಗೆ ದಿನಾ ನುಂಗಿದವರಿಗೆ ಬಾಯೆಲ್ಲ ಹುಣ್ಣಾಗಿ, ಬಿಳಿ ರಕ್ತಕಣ ಕುಸಿದು ಸಾವು ಬಂದದ್ದೂ ಇದೆ. ಚೀಟಿಯ ಮೇಲೆ ವಾರದ ಹೆಸರು ಬರೆಸಿಕೊಳ್ಳಿ. ಮನೆಯಲ್ಲಿ ಅಕ್ಷರ ಬಾರದ ಹಿರಿಯರಿದ್ದರೆ ಊರಿನ ಸಂತೆ ದಿನಕ್ಕೆ ಕಟ್ಟಿಬಿಡಿ: “ಅವ್ವಾ, ಸಂತಿ ದಿನ ಅಷ್ಟ ಈ ಗುಳಿಗಿ.” ಹಳದಿ ಬಣ್ಣದ ಇನ್ನೊಂದು ಸಣ್ಣ ಗುಳಿಗೆ, ಫೋಲಿಕ್ ಆ್ಯಸಿಡ್, ಬೇರೆ ದಿನ. ವಾಂತಿ, ಬಾಯಿ ಹುಣ್ಣು ಕಡಿಮೆ ಮಾಡಲು ಅದು ಬೇಕೇ ಬೇಕು. ರಕ್ತಕಣ, ಲಿವರ್, ಕಿಡ್ನಿ ಪರೀಕ್ಷೆ ಮೊದಲು ಬೇಗ ಬೇಗ, ಆಮೇಲೆ ಮೂರು ತಿಂಗಳಿಗೊಮ್ಮೆ. ಹೆಂಡ ಬೇಡ. ಜೋರು ಜ್ವರ ಬಂದರೆ ಆ ವಾರದ ಡೋಸ್ ತೆಗೆದುಕೊಳ್ಳುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಮಗು ಬೇಕು ಅಂತಿರುವ ಹೆಂಗಸರು ಮೊದಲೇ ಹೇಳಿ, ಔಷಧ ಬದಲಿಸಿಕೊಂಡು ಕೆಲವು ತಿಂಗಳು ಕಾಯಬೇಕು. ಬಸುರಿನಲ್ಲಿ ಇದು ಮಗುವಿಗೆ ಅಪಾಯ.

ಮತ್ತೊಂದು ಸಂಗತಿ, ಬಹುಶಃ ಎಲ್ಲಕ್ಕಿಂತ ಹೆಚ್ಚು ಜನರನ್ನು ಚಿಕಿತ್ಸೆಯಿಂದ ಓಡಿಸುವುದು: ಈ ಗುಳಿಗೆ ಕೆಲಸ ಮಾಡಲು 6ರಿಂದ 12 ವಾರ ಬೇಕು. ಮೊದಲ ತಿಂಗಳು ಏನೂ ಆಗಿಲ್ಲ ಅನ್ನಿಸುತ್ತದೆ. ಅದೇ ಹೊತ್ತಿಗೆ ಪಕ್ಕದ ಮನೆಯವರು ಮೂರು ದಿನದ ಪುಡಿಯ ಸುದ್ದಿ ತರುತ್ತಾರೆ. ಅಲ್ಲಿಗೆ ಮುಗಿಯಿತು. ಕಾಯಿಲೆ ಶುರುವಾದ ಮೊದಲ ಮೂರರಿಂದ ಆರು ತಿಂಗಳು ಬಲು ಬೆಲೆಯುಳ್ಳದ್ದು. ಆಗ ಹಿಡಿತಕ್ಕೆ ತಂದರೆ ಕೀಲು ಉಳಿಯುವ ಸಾಧ್ಯತೆ ಹೆಚ್ಚು.

ಮೆಥೊಟ್ರೆಕ್ಸೇಟ್ ಒಂದೇ ಸಾಲದಿದ್ದರೆ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್, ಲೆಫ್ಲುನಮೈಡ್ ಸೇರಿಸುತ್ತಾರೆ. ಮೊದಲನೆಯದು ಮಲೇರಿಯಾ ಔಷಧ, ಅದಕ್ಕೆ ಆಗಾಗ ಕಣ್ಣಿನ ಪರೀಕ್ಷೆ ಬೇಕು. ಸಲ್ಫಾಸಲಜೀನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ. ಇವಕ್ಕೂ ಬಗ್ಗದಿದ್ದರೆ ಟಿಎನ್‌ಎಫ್‌ನಂಥ ರಾಸಾಯನಿಕವನ್ನೇ ಹಿಡಿದು ಕಟ್ಟುವ ಬಯಾಲಜಿಕ್ ಇಂಜೆಕ್ಷನ್‌ಗಳಿವೆ. 1998ರಿಂದ ಈಚೆಗೆ ಬಂದವು. ದುಬಾರಿ, ಆದರೆ ಅವನ್ನೇ ಹೋಲುವ, ಭಾರತದಲ್ಲೇ ತಯಾರಾಗುವ ಬಯೋಸಿಮಿಲರ್‌ಗಳು ಬಂದ ಮೇಲೆ ಬೆಲೆ ಇಳಿದಿದೆ. ನಮ್ಮ ದೇಶದಲ್ಲಿ ಇವನ್ನು ಕೊಡುವ ಮೊದಲು ಟಿಬಿ ಪರೀಕ್ಷೆ ಕಡ್ಡಾಯ ಅಂತಲೇ ತಿಳಿಯಿರಿ. ಮೈಯಲ್ಲಿ ಮಲಗಿರುವ ಟಿಬಿಯನ್ನು ಕಟ್ಟಿಹಾಕಿರುವುದು ಅದೇ ಟಿಎನ್‌ಎಫ್. ಅದನ್ನು ತಡೆದರೆ ಟಿಬಿ ಏಳಬಹುದು. ಟೋಫಾಸಿಟಿನಿಬ್‌ನಂಥ ಹೊಸ ಗುಳಿಗೆಗಳೂ ಇವೆ. ವಯಸ್ಸಾದವರು, ಬೀಡಿ ಸೇದುವವರು, ಹೃದಯದ ತೊಂದರೆ ಇದ್ದವರಿಗೆ ಇವನ್ನು ಯೋಚಿಸಿ ಕೊಡಬೇಕು.

ಕೀಲು ಬಳಸುವುದನ್ನು ನಿಲ್ಲಿಸಬಾರದು. ತೀರಾ ಬಾತಾಗ ಆ ಕೀಲಿಗೆ ವಿಶ್ರಾಂತಿ, ಉಳಿದ ದಿನ ಬಿಸಿನೀರಿನಲ್ಲಿ ಕೈ ಇಟ್ಟು ಬೆರಳು ಆಡಿಸುವುದು, ನಡಿಗೆ. ಬಡಿಯುವ ಬದಲು ಕೆಲವು ದಿನ ಲಟ್ಟಣಿಗೆಯಲ್ಲಿ ರೊಟ್ಟಿ ಲಟ್ಟಿಸಿದರೆ, ಬಟ್ಟೆ ಹಿಂಡುವ ಕೆಲಸ ಬೇರೆಯವರು ಮಾಡಿದರೆ ಗೆಣ್ಣಿಗೆ ಉಸಿರು ಬರುತ್ತದೆ. ಮನೆಯ ಗಂಡಸರಿಗೆ ಈ ಸಾಲನ್ನು ತೋರಿಸಬಹುದು.

ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ 75. ಕೀಲಿನ ತಜ್ಞರನ್ನು ಅಂದರೆ ರುಮಟಾಲಜಿಸ್ಟ್‌ರನ್ನು ಕಾಣಲು ಪ್ರತಿ ತಿಂಗಳು ಓಡಾಡಬೇಕಿಲ್ಲ. ಒಮ್ಮೆ ತೋರಿಸಿ ಚಿಕಿತ್ಸೆ ಗೊತ್ತಾದ ಮೇಲೆ ರಕ್ತ ಪರೀಕ್ಷೆಯನ್ನು ಜಿಲ್ಲಾ ದವಾಖಾನೆಯ ಫಿಜಿಶಿಯನ್ ಹತ್ತಿರವೇ ಮಾಡಿಸಬಹುದು.

“ಜೀವನಪೂರ್ತಿ ನುಂಗಬೇಕಾ?” ಅನ್ನುವುದು ಎಲ್ಲರ ಪ್ರಶ್ನೆ. ಕಾಯಿಲೆ ಬುಡಸಮೇತ ಹೋಗುವ ಔಷಧ ಇಲ್ಲ, ಆದರೆ ಪೂರ್ತಿ ತಣ್ಣಗಾಗುವುದು ಎಷ್ಟೋ ಜನರಲ್ಲಿ ಸಾಧ್ಯ. ಹಾಗೆ ತಣ್ಣಗಾಗಿ ತಿಂಗಳುಗಳು ಕಳೆದರೆ ಡಾಕ್ಟರ್ ಒಂದೊಂದಾಗಿ ಇಳಿಸುತ್ತಾರೆ. ಮೊದಲು ಸ್ಟೆರಾಯ್ಡ್, ಆಮೇಲೆ ಬಯಾಲಜಿಕ್ ಇದ್ದರೆ ಅದು, ಮೆಥೊಟ್ರೆಕ್ಸೇಟ್ ಕೊನೆಗೆ, ಅದೂ ಡೋಸ್ ಕಡಿಮೆ ಮಾಡುತ್ತಾ. ಎಲ್ಲವನ್ನೂ ಒಮ್ಮೆಗೇ ಬಿಟ್ಟವರಲ್ಲಿ ಅನೇಕರಿಗೆ ಬಾವು ಮರಳಿ ಬರುತ್ತದೆ. ಇಳಿಸುವಾಗ ಗೆಣ್ಣು ಮತ್ತೆ ಬಾತರೆ ಹಿಂದಿನ ಡೋಸ್‌ಗೆ ಹೋಗುವುದು, ಹೆಚ್ಚಿನವರಲ್ಲಿ ಅದು ಮತ್ತೆ ಹಿಡಿತಕ್ಕೆ ಬರುತ್ತದೆ.